ಎರಡನ್ನು ಬಿಡದ ಮೇಡಂ

ಸೋಮವಾರ ಬೆಳಿಗ್ಗೆ ಬೋರ್ಡಿನ ಮುಂದೆ ನಿಂತಾಗ ನಮ್ಮ ಮ್ಯಾಥ್ಸ್ ಮೇಡಂ ಅಂಗೈಗಳು ಹಳದಿಯಾಗಿರುತ್ತಿದ್ದವು. ಗುಂಡ್ಲುಪೇಟೆ ಪಕ್ಕದ ಊರಿನಲ್ಲಿ ಅವರಣ್ಣನ ಜಮೀನು. ಅರಿಶಿನ ಬೇಯಿಸುವ ಕಾಲದಲ್ಲಿ ಶನಿವಾರ ಹೋಗಿ ಒಲೆ ಮುಂದೆ ನಿಲ್ಲುವರು, ಸೋಮವಾರ ಮೊದಲ ಬಸ್ಸಿಗೆ ಚಾಮರಾಜನಗರದ ನಮ್ಮ ಕಾಲೇಜಿಗೆ ಬರುವರು. ಎಷ್ಟು ಉಜ್ಜಿದರೂ ಬಣ್ಣ ಹೋಗದು. ಹಿಡಿದ ಸೀಮೆಸುಣ್ಣಕ್ಕೂ ಅಂಟಿಕೊಳ್ಳುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಾನು ಚಂದಕವಾಡಿಯಿಂದ ಬಿಎಸ್ಸಿಗೆ ಬರುತ್ತಿದ್ದೆ. ಮೇಡಂ ತಮ್ಮೂರಿನ ಮಾತಿನಲ್ಲೇ ಪಾಠ ಮಾಡುತ್ತಿದ್ದರು. 'ಇದ್ನ ಅತ್ಲಾಗಾಕು, ಅದ್ನ ಇತ್ಲಾಗ್ ತಕ್ಕೊ, ಈಗ ನೋಡು ಏನಾಯ್ತದೆ' ಎನ್ನುವರು. ಒಮ್ಮೆ ಹಿರಿಯ ಮೇಷ್ಟ್ರೊಬ್ಬರು, ಕ್ಲಾಸಿನಲ್ಲಾದರೂ ಸ್ವಲ್ಪ ಶುದ್ಧವಾಗಿ ಮಾತಾಡಬಾರದೇ ಅಂದರು. "ಲೆಕ್ಕಕ್ಕೆ ನನ್ ಮಾತು ಅರ್ಥ ಆಯ್ತದೆ ಸಾರ್. ಐಕ್ಳಿಗೂ ಆಯ್ತದೆ. ಇನ್ಯಾರಿಗಾಗ್ಬೇಕು?" ಅಂದು ಮೇಡಂ ಡಸ್ಟರ್ ಎತ್ತಿಕೊಂಡು ಹೊರಟರು.

ಅವರು ಪಿಎಚ್‌ಡಿಗೆ ಏನು ಓದುತ್ತಿದ್ದಾರೆಂದು ನಾನೇ ಕೇಳಿದ್ದೆ. ಅವರು ಬೋರ್ಡಿನ ಮೇಲೆ ಎರಡು ಬಾಣ ಎಳೆದು ನಡುವಿನ ಜಾಗಕ್ಕೆ ಗೆರೆ ತುಂಬಿದರು. ಬಾಣಗಳೆಲ್ಲ ಇರುವ ಬಯಲಿಗೆ ಸ್ಪೇಸ್ ಅನ್ನುವರು; ಹೀಗೆ ಎರಡೆರಡು ಬಾಣಗಳ ನಡುವಿನ ವಿಸ್ತೀರ್ಣ ಅಳೆಯಬಲ್ಲ ಸ್ಪೇಸಿಗೆ ಸಿಂಪ್ಲೆಕ್ಟಿಕ್ ಅಂತ ಹೆಸರು. ಆಮೇಲೆ ನಮ್ಮಲ್ಲಿ ಕೆಲವರನ್ನು ಸಾಲಾಗಿ ನಿಲ್ಲಿಸಿ ಇಬ್ಬಿಬ್ಬರ ಜಾಗ ಅದಲುಬದಲು ಮಾಡಿದರು. ಇಂಥ ಅದಲುಬದಲುಗಳೆಲ್ಲ ಸೇರಿದರೆ ಸಿಮೆಟ್ರಿಕ್ ಗ್ರೂಪ್. ಆ ಗ್ರೂಪು ಸ್ಪೇಸನ್ನು ಕದಲಿಸಬೇಕು, ಆದರೆ ವಿಸ್ತೀರ್ಣ ಕೆಡಬಾರದು. ಇಬ್ಬರನ್ನು ಬದಲಿಸಿದಾಗ ಸ್ಪೇಸು ಆದಷ್ಟೂ ಕಡಿಮೆ ಅಲುಗಬೇಕು. "ಅಂಥವು ಎಷ್ಟು ಬಗೆ ಅವೆ, ಅಷ್ಟನ್ನೂ ಹುಡುಕ್ಬೇಕು ಕಣಮ್ಮಿ. ಒಂದು ತಪ್ಪೋದ್ರೂ ಕೆಲ್ಸ ಆದಂಗಲ್ಲ" ಅಂದರು.

ನಾವು ಬಳಸುವ ಮಾಮೂಲಿ ಸಂಖ್ಯೆಗಳಲ್ಲಿ ಈ ಕೆಲಸ ಸಲೀಸು. ಅಲ್ಲಿ ಸ್ಪೇಸಿನ ಪ್ರತಿಯೊಂದು ತುಂಡೂ ಜೋಡಿಯಾಗಿಯೇ ಬರುತ್ತದೆ. ಆದರೆ ಒಂದಕ್ಕೆ ಒಂದು ಕೂಡಿಸಿದರೆ ಸೊನ್ನೆಯಾಗುವ ಲೆಕ್ಕವೊಂದಿದೆ. ಮೇಡಂ ಗೋಡೆಯ ಸ್ವಿಚ್ ಒತ್ತಿ ದೀಪ ಹತ್ತಿಸಿದರು, ಮತ್ತೆ ಒತ್ತಿ ಆರಿಸಿದರು. "ಎರಡ್ಸಲ ಒತ್ತುದ್ರೆ ಮೊದ್ಲಿದ್ದಂಗೇ ಆಯ್ತಲ್ಲ? ಎರಡು ಅಂದ್ರೆ ಅಲ್ಲಿ ಸೊನ್ನೆ. ಆ ಲೆಕ್ಕದಲ್ಲಿ ಜೋಡಿ ಇಲ್ದೆ ನಿಲ್ಲೋವೂ ಅವೆ." ಅವರ ನಿಜವಾದ ಕೆಲಸ ಅಲ್ಲಿತ್ತು.

ಮೇಡಂ ಮದುವೆಯಾಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ, ಜೋಡಿಯಿಲ್ಲದೆ ಬದುಕುವ ಲೆಕ್ಕ ಕಂಡುಹಿಡಿಯುತ್ತಿದ್ದಾರೆ ಅಂತ ನಕ್ಕರಂತೆ. "ಕಂಡುಹಿಡ್ದಾಯ್ತು. ಈಗ ಬರ್ಕೊತಾ ಇವ್ನಿ" ಅಂದರಂತೆ ಇವರು.

ಕೊನೆಯ ವರ್ಷ ನಾನು ಎಂಎಸ್ಸಿ ಅರ್ಜಿ ತರಲು ಮೈಸೂರಿಗೆ ಹೊರಟಾಗ ಅದೇ ರೈಲಿನಲ್ಲಿ ಮೇಡಂ ಜೊತೆಯಾದರು. ಅವತ್ತು ಅವರ ಗೈಡ್ ಥೀಸಿಸ್ ನೋಡಿ ಸಹಿ ಹಾಕಬೇಕಿತ್ತು. ಡಿಗ್ರಿ ಬಂದರೆ ಮೈಸೂರಿನಲ್ಲೇ ಕೆಲಸ ಸಿಗುವುದಿತ್ತು. ನನ್ನನ್ನೂ ಗೈಡ್ ರೂಮಿನೊಳಗೆ ಕರೆದುಕೊಂಡು ಹೋಗಿ ಮೂಲೆಯ ಕುರ್ಚಿಯಲ್ಲಿ ಕೂರಿಸಿದರು.

ಗೈಡ್ ಕೆಟ್ಟವರಲ್ಲ. ಮೆತ್ತಗೇ ಹೇಳಿದರು. "ಎರಡು ಸೊನ್ನೆಯಾಗುವ ಈ ಅಧ್ಯಾಯ ತೆಗೆದುಬಿಡಿಯಮ್ಮ. 'ಎರಡು ಸೊನ್ನೆಯಲ್ಲ ಎಂದು ಭಾವಿಸಿದೆ' ಅಂತ ಮೊದಲ ಪುಟದಲ್ಲಿ ಒಂದು ಸಾಲು ಸೇರಿಸಿ. ಇವತ್ತೇ ಸಹಿ ಹಾಕ್ತೀನಿ."

"ಅದ್ನ ತಗುದ್ರೆ ಉಳಿಯೋದು ಎಲ್ರಿಗೂ ಗೊತ್ತಿರೋದೇ ಸಾರ್."

"ಎಲ್ಲರೂ ಹಾಗೇ ಮಾಡೋದು. ಅದು ಬಹಳ ಕಷ್ಟದ ಜಾಗ."

"ಕಷ್ಟ ಅಂತ ಬುಡು ಅಂತೀರೊ, ತಪ್ಪು ಅಂತ ಬುಡು ಅಂತೀರೊ? ತಪ್ಪಾದ್ರೆ ಎಲ್ಲಿ ಅಂತ ತೋರ್ಸಿ, ಇಲ್ಲೇ ಹರ್ದಾಕ್ತೀನಿ. ಕಷ್ಟ ಅಂತಾದ್ರೆ ನಾನು ಬುಡಕಿಲ್ಲ."

ಗೈಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಷ್ಟನ್ನೂ ಪರೀಕ್ಷೆ ಮಾಡಲು ತಮ್ಮಿಂದಾಗದು, ಪರೀಕ್ಷೆ ಮಾಡದೆ ಸಹಿ ಹಾಕಲಾರೆ ಎಂದರು. "ಅದು ನ್ಯಾಯದ ಮಾತು" ಅಂದರು ಮೇಡಂ. ಹಾಳೆಗಳನ್ನು ಜೋಡಿಸಿ ಬ್ಯಾಗಿಗೆ ಹಾಕಿಕೊಂಡು ಎದ್ದರು. "ಏಳಮ್ಮಿ, ಓಗನ."

ವಾಪಸು ರೈಲಿನಲ್ಲಿ ನಂಜನಗೂಡು ದಾಟುವವರೆಗೆ ಅವರು ಆ ಹಾಳೆಗಳನ್ನೇ ತಿರುವುತ್ತಿದ್ದರು. ಆಮೇಲೆ ಕಿಟಕಿ ಕಡೆ ಮುಖ ಮಾಡಿಕೊಂಡೇ, "ಅಳು ಬಂದಿತ್ತು. ಕಾಣ್ತಾ ಇತ್ತಾ?" ಅಂತ ಕೇಳಿದರು. ಇಲ್ಲ ಅಂದೆ. "ಒಳ್ಳೇದಾಯ್ತು" ಅಂದು ಕಡಲೆಕಾಯಿ ಪೊಟ್ಟಣ ಬಿಚ್ಚಿದರು.

ಅದೇ ವಾರ ಬದನಗುಪ್ಪೆ ಕಡೆಯಿಂದ ನನಗೊಂದು ಗಂಡು ಬಂತು. "ಎಂಎಸ್ಸಿ ಅಂತ ಓದಿಸ್ಬುಟ್ಟು ಆಮೇಲೆ ಅಂಥ ಗಂಡ ಎಲ್ಲಿಂದ ತರನ? ಬುಟ್ಬುಡು ಕಣಮ್ಮಿ" ಅಂದ ನಮ್ಮಪ್ಪ. ಅಪ್ಪನಿಗೆ ಎದುರಾಡಿದವಳೇ ಅಲ್ಲ ನಾನು. ಅವತ್ತು ಕೇಳಿಬಿಟ್ಟೆ. "ಕಷ್ಟ ಅಂತ ಬುಡು ಅಂತೀಯೊ, ತಪ್ಪು ಅಂತ ಬುಡು ಅಂತೀಯೊ?" ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಕೊನೆಗೆ, "ತಪ್ಪೇನಿಲ್ಲ" ಅಂದ. ಅಷ್ಟು ಸಾಕಾಯಿತು. ಆ ಮಾತನ್ನೇ ಹಿಡಿದು ನಾನು ಮೈಸೂರಿಗೆ ಹೋದೆ.

ಮೇಡಂಗೆ ಡಿಗ್ರಿ ಬರಲಿಲ್ಲ. ಮೈಸೂರಿನ ಆ ಕೆಲಸ ಅವರಿಗಿಂತ ಚಿಕ್ಕವರೊಬ್ಬರಿಗೆ ಹೋಯಿತು. ಇವರಿಗೆ ಗುಂಡ್ಲುಪೇಟೆ ಕಾಲೇಜಿಗೆ ವರ್ಗವಾಯಿತು. ಎಂಎಸ್ಸಿ ಮುಗಿಸಿ ನಾನೂ ಅದೇ ಕಾಲೇಜಿಗೆ ಅರೆಕಾಲಿಕ ಪಾಠಕ್ಕೆ ಸೇರಿದೆ. ಅಷ್ಟರಲ್ಲಿ ಅವರು ಆರರ ಹತ್ತಿರ ಸಿಕ್ಕಿಕೊಂಡಿದ್ದರು. ಆರು ಜನರ ಸಾಲಿಗೆ ಮಾತ್ರ, ಬೇರೆ ಯಾವ ಸಾಲಿಗೂ ಇಲ್ಲದ ವಿಚಿತ್ರ ಅದಲುಬದಲೊಂದಿದೆ. ಅದು ಅವರನ್ನು ಬಹಳ ಸತಾಯಿಸಿತು. ಅದನ್ನೂ ಬಿಡಿಸಿ, ಎಲ್ಲವನ್ನೂ ಒಂದು ಗಣಿತ ಪತ್ರಿಕೆಗೆ ಕಳಿಸಿದರು.

ಅಲ್ಲಿಂದ ಬಂದ ಉತ್ತರವನ್ನು ನನ್ನ ಕೈಗೇ ಕೊಟ್ಟು ಓದಿಸಿದರು. ಎಲ್ಲವೂ ಸರಿಯಾಗಿದೆ, ಆದರೆ ಬಹಳ ಹಿಂದೆಯೇ ಯಾರೋ ಸಾಧಿಸಿದ ದೊಡ್ಡ ಪ್ರಮೇಯವೊಂದರಲ್ಲಿ ಇದು ಅಡಗಿದೆ, ಆದ್ದರಿಂದ ಪ್ರಕಟಿಸಲಾಗದು ಎಂದಿತ್ತು. ನನಗೆ ಕಣ್ಣು ತುಂಬಿತು. ಮೇಡಂ ಕಾಗದ ಕಿತ್ತುಕೊಂಡು 'ಸರಿಯಾಗಿದೆ' ಅನ್ನುವ ಮಾತಿನ ಕೆಳಗೆ ಬೆರಳಿಟ್ಟರು. "ಇದ ಓದು. ಗುಂಡ್ಲುಪೇಟೇಲಿ ಕೂತ್ಕಂಡು, ಯಾರ್ನೂ ಕೇಳ್ದೆ ಅಲ್ಲೀಗಂಟ ನಡ್ಕೊಂಡೋಗಿವ್ನಿ. ದಾರಿ ಬೇರೆ ಸಿಕ್ತು ನಂಗೆ. ಅವರು ಮುಂದಾಗೋದ್ರು ಅಂತ ನಾನ್ಯಾಕೆ ಅಳ್ಲಿ?" ಮಾರನೇ ದಿನ, ಮೂರನ್ನು ಸೊನ್ನೆ ಮಾಡಿದರೆ ಏನಾಗುತ್ತದೆ ಅಂತ ಶುರುಮಾಡಿದರು.

ದಶಕ ಮುಗಿಯುವ ಮೊದಲೇ ಮೇಡಂ ತೀರಿಕೊಂಡರು. ಜ್ವರ ಅಂತ ಮಲಗಿದವರು ಏಳಲಿಲ್ಲ. ನಾನು ಕ್ಲಾಸಿನ ಹುಡುಗಿಯರನ್ನು ಕರೆದುಕೊಂಡು ಅವರೂರಿಗೆ ಹೋದೆ. ಮಣ್ಣಿಗೆ ಹೊತ್ತೊಯ್ಯುವಾಗ ಊರಾಚೆಯ ಹುಣಸೇಮರದ ಹತ್ತಿರ ಹಿರಿಯರೊಬ್ಬರು ನಮಗೆ ಅಡ್ಡ ನಿಂತರು. "ಹೆಣ್ಮಕ್ಳು ಇಲ್ಲಿಂದ ವಾಪಸ್ ಓಗ್ಬೇಕವ್ವ" ಅಂದರು.

"ನಾವು ಬತ್ತೀವಿ ತಾತ" ಅಂದೆ.

ಮೇಡಂ ಅಣ್ಣ ತಿರುಗಿ ನಮ್ಮನ್ನು ನೋಡಿದರು. ಮುಂದೆ ನಡೆದರು. ನಾವೂ ಹಿಂದೆ ನಡೆದೆವು. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದೆವು. ಆಮೇಲೆ ಪಕ್ಕದ ತೋಟದ ಪಂಪಿನ ನೀರಿನಲ್ಲಿ ಕೈಕಾಲು ತೊಳೆದು, ಬಸ್ಸು ಹಿಡಿದು, ಮಧ್ಯಾಹ್ನದ ಪಾಠಕ್ಕೆ ಬಂದು ಕೂತೆವು. ಮೇಡಂ ಆಗಿದ್ದರೆ ರಜೆ ಕೊಡುತ್ತಿರಲಿಲ್ಲ.