ಮೀನಿಗೊಂದು ಹಂದರ

ಶಿವರಾತ್ರಿ ದಾಟಿ ಎರಡು ವಾರ ಕಳೆಯುವುದರೊಳಗೆ ನಮ್ಮ ಅಂಗಳದ ಕೊಳದ ನೀರು ಪಾಲಕದ ಸಾರಿನ ಬಣ್ಣಕ್ಕೆ ತಿರುಗಿಬಿಟ್ಟಿತು. ಕೊಳವೆಂದ ಕೂಡಲೇ ನೀವು ಕಮಲ, ಹಂಸ ಎಂದೆಲ್ಲ ಕಲ್ಪಿಸಿಕೊಂಡು ನನ್ನನ್ನು ಮುಜುಗರಕ್ಕೆ ಈಡುಮಾಡಬೇಡಿ. ಎರಡು ಎಮ್ಮೆಗಳು ಒತ್ತಾಗಿ ಮಲಗಬಹುದಾದಷ್ಟು ಅಗಲದ, ಮೊಣಕಾಲು ಮುಳುಗುವಷ್ಟು ಆಳದ ಸಿಮೆಂಟಿನ ಹೊಂಡ ಅದು. ಗೋಕಾಕದಂಥ ಊರಿನಲ್ಲಿ ರಸ್ತೆಗೆ ಮುಖಮಾಡಿದ ಅಂಗಳವಿದ್ದರೆ ಬುದ್ಧಿಯಿದ್ದವರು ಎರಡು ಅಂಗಡಿ ಕಟ್ಟಿಸಿ ಬಾಡಿಗೆಗೆ ಕೊಡುತ್ತಾರೆ. ಅದನ್ನು ಬಿಟ್ಟು ಬಣ್ಣದ ಮೀನು ಸಾಕಲು ಹೊಂಡ ತೋಡಿಸಿದ, ನಲವತ್ತಾರು ತುಂಬಿದರೂ ಮದುವೆಯಾಗದ ಹೆಂಗಸಿನ ತಲೆಯ ಬಗ್ಗೆ ನಮ್ಮ ಓಣಿಯವರಿಗೆ ಮೊದಲೇ ಅನುಮಾನವಿತ್ತು. ನೀರು ಹಸಿರಾದದ್ದೇ ತಡ, ಅನುಮಾನ ಪರಿಹಾರವಾಯಿತು.

ನಾನು ಹುಕ್ಕೇರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ನೀರಿನ ಮೇಲೆ ಬಿಸಿಲು ನೇರವಾಗಿ ಬಿದ್ದರೆ ಪಾಚಿ ಕಟ್ಟುತ್ತದೆ, ನೀರು ಕಾದಂತೆ ಅದರಲ್ಲಿನ ಪ್ರಾಣವಾಯು ಕಡಿಮೆಯಾಗಿ ಮೀನಿಗೆ ಉಸಿರು ಕಟ್ಟುತ್ತದೆ ಎಂಬುದನ್ನು ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಬಲ್ಲೆ. ಹೊಂಡ ತೋಡಿಸುವಾಗ ಮಾತ್ರ ಅದು ನೆನಪಿಗೆ ಬರಲಿಲ್ಲ. ನನ್ನಂಥವರ ವಿದ್ಯೆ ಸಂಜೆ ನಮ್ಮೊಡನೆ ಬಸ್ಸು ಹತ್ತುವುದಿಲ್ಲ, ಕಾಲೇಜಿನಲ್ಲೇ ಉಳಿದುಕೊಳ್ಳುತ್ತದೆ. ಮೂರು ಮೀನು ತೇಲಿದ ಮೇಲೆ ಎಚ್ಚೆತ್ತು, ಮೊಬೈಲಿನಲ್ಲಿ ಹುಡುಕಿ, ಕೊಳದ ಮೇಲೆ ಪರ್ಗೋಲಾ ಎಂಬುದನ್ನು ಕಟ್ಟಬೇಕೆಂದು ಕಂಡುಕೊಂಡೆ. ನಾಲ್ಕು ಮರದ ಕಂಬ, ಅವುಗಳ ಮೇಲೆ ಎರಡು ತೊಲೆ, ತೊಲೆಗಳ ಮೇಲೆ ಗೇಣು ಗೇಣಿಗೊಂದು ಅಡ್ಡಪಟ್ಟಿ, ಅಷ್ಟೇ. ಗೋಡೆಯಿಲ್ಲ, ಚಾವಣಿಯಿಲ್ಲ, ಮಳೆಯನ್ನು ತಡೆಯುವುದಿಲ್ಲ, ಬಿಸಿಲನ್ನೂ ಅರ್ಧಕ್ಕರ್ಧ ಒಳಗೆ ಬಿಡುತ್ತದೆ. ಆದರೆ ನೋಡಿದವರಿಗೆ ಏನೋ ಘನವಾದ ಕೆಲಸ ನಡೆದಿದೆ ಎನ್ನಿಸುತ್ತದೆ. ನಮ್ಮ ಕಾಲೇಜಿನ ಶಿಸ್ತುಪಾಲನಾ ಸಮಿತಿಯಲ್ಲಿ ಹಲವು ವರ್ಷ ಕೂತವಳಾದ್ದರಿಂದ ಈ ರಚನೆ ನನಗೆ ಕೂಡಲೇ ಪ್ರಿಯವಾಯಿತು.

ಕೊಣ್ಣೂರಿನ ಬಡಿಗೇರ ಮೌನೇಶಪ್ಪನನ್ನು ಕರೆಸಿ ಚಿತ್ರ ತೋರಿಸಿದೆ. ಅವನು ಮೊಬೈಲನ್ನು ಉದ್ದಕ್ಕೂ ಅಡ್ಡಕ್ಕೂ ಹಿಡಿದು ನೋಡಿ, ಬಹಳ ಸಮಾಧಾನದಿಂದ, "ಅಕ್ಕಾರ, ಇದು ಹಂದರ ಐತ್ರಿ. ಮ್ಯಾಲ ಹೊದಿಕಿ ಹಾಕೂದ ಮರತಾರ" ಎಂದ. ಮರೆತದ್ದಲ್ಲ, ಅದು ಇರುವುದೇ ಹಾಗೆ ಎಂದು ನಾನು ಅರ್ಧ ತಾಸು ವಿವರಿಸಿದೆ. ಅವನು ತಲೆಯಾಡಿಸಿದ್ದು ನನ್ನ ವಿವರಣೆಗೆ ಒಪ್ಪಿ ಅಲ್ಲ, ನನ್ನ ಮೇಲಿನ ಕನಿಕರದಿಂದ. ಹುಕ್ಕೇರಿಯಲ್ಲಿ ಯಾರೋ ಹಳೆಯ ಮನೆ ಕೆಡವುತ್ತಿದ್ದರು. ತಲೆಮಾರುಗಳ ಒಲೆಯ ಹೊಗೆ ಕುಡಿದು ಕಪ್ಪಾಗಿದ್ದ ಸಾಗವಾನಿಯ ಜಂತಿಗಳನ್ನು ಅಲ್ಲಿಂದ ತರಿಸಿದೆ. ಮೌನೇಶಪ್ಪ ಅವುಗಳನ್ನು ಕೆತ್ತಿ ಒಳಗಿನ ಜೇನುಬಣ್ಣವನ್ನು ಹೊರಗೆ ತಂದಾಗ, ಅವನ ಕೈಯ ಮುಂದೆ ನನ್ನ ಪದವಿಗಳೆಲ್ಲ ಸಪ್ಪಗಾದದ್ದನ್ನು ಮುಚ್ಚಿಡುವುದೇಕೆ?

ತೊಂದರೆ ಶುರುವಾದದ್ದು ಕಂಬಗಳು ಸಿದ್ಧವಾದ ಮೇಲೆ. ನಮ್ಮ ಕಡೆ ಮದುವೆಯ ಮನೆಯ ಮುಂದೆ ಹಂದರ ಹಾಕುವಾಗ ಮೊದಲ ಕಂಬಕ್ಕೆ ಮರ್ಯಾದೆ ಹೆಚ್ಚು: ತುದಿಗೆ ಮಾವಿನ ಟೊಂಗೆ, ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಕಟ್ಟಿದ ಕಾಳು, ಬುಡಕ್ಕೆ ಹಾಲು, ಐವರು ಮುತ್ತೈದೆಯರಿಂದ ಆರತಿ. ಮೌನೇಶಪ್ಪ ಮೊದಲ ಕಂಬವನ್ನು ಹೊತ್ತು ತಂದವನೇ ಅದಕ್ಕೆ ಟೊಂಗೆ ಕಟ್ಟಿದ, ಹಳದಿ ಬಟ್ಟೆ ಕಟ್ಟಿದ. ಇದು ಮದುವೆಯಲ್ಲ ಮಾರಾಯ, ಮೀನು ಎಂದರೆ, "ಅಂಗಳದಾಗ ಕಂಬ ನಿಲ್ಲಸೂದಂದ್ರ ಸುಮ್ಮ ಆಗೂದಿಲ್ರಿ ಅಕ್ಕಾರ. ಭೂಮಿತಾಯಿನ್ನ ಕೇಳಬೇಕು, ಹಸರ ಕಟ್ಟಬೇಕು. ಇಲ್ಲಾಂದ್ರ ನನ್ನ ಉಳಿ ನನ್ನ ಮಾತ ಕೇಳಂಗಿಲ್ಲ" ಎಂದುಬಿಟ್ಟ. ಉಳಿಯೊಂದಿಗೆ ವಾದ ಮಾಡುವ ಶಕ್ತಿ ನನಗಿರಲಿಲ್ಲ. ಮೂಢನಂಬಿಕೆಯ ಬಗ್ಗೆ ವರ್ಷಕ್ಕೊಮ್ಮೆ ಕಾಲೇಜಿನಲ್ಲಿ ಭಾಷಣ ಮಾಡುವವಳು ಬಾಯಿಮುಚ್ಚಿಕೊಂಡು ಚಹಾ ತರಲು ಒಳಗೆ ಹೋದೆ. ಅವನು ಆ ಸಿಂಗಾರದ ಕಂಬವನ್ನು ರಸ್ತೆಗೆ ಕಾಣುವಂತೆ ಕಂಪೌಂಡಿಗೆ ಆನಿಸಿ, ನಾಳೆ ನಿಲ್ಲಿಸುತ್ತೇನೆ ಎಂದು ಹೇಳಿ ಹೋದ. ಬಡಿಗೇರರ ನಾಳೆ ಎಂಟನೆಯ ದಿನಕ್ಕೆ ಬಂತು.

ಆ ಎಂಟು ದಿನಗಳಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಕಂಬದ ಫೋಟೋವನ್ನು ಯಾವ ಪುಣ್ಯಾತ್ಮರೋ ವಾಟ್ಸಾಪಿಗೆ ಏರಿಸಿದ್ದರು. ಮೂರನೆಯ ದಿನಕ್ಕೆ ವರನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಐದನೆಯ ದಿನಕ್ಕೆ ಅವನ ಮೊದಲ ಹೆಂಡತಿ ತೀರಿಕೊಂಡಳು, ಏಳನೆಯ ದಿನ ಹುಕ್ಕೇರಿಯಲ್ಲಿ ನಮ್ಮ ಪ್ರಾಚಾರ್ಯರು ನಾನು ಕೇಳದೆಯೇ ನನಗೆ ರಜೆ ಕೊಡಲು ಒಪ್ಪಿದರು. ಇಪ್ಪತ್ತು ವರ್ಷಗಳಲ್ಲಿ ಅವ್ವನ ಚಿಕಿತ್ಸೆಗೆಂದು ನಾನು ಕೇಳಿದ ರಜೆಗಳಿಗೆ ಅವರಿಗೆ ಹೊಳೆಯದ ಔದಾರ್ಯ ಅದು. ನಾನು ಮೊದಮೊದಲು ನಕ್ಕೆ. ಇಷ್ಟು ಪುಕ್ಕಟೆಯಾಗಿ ಇಷ್ಟೊಂದು ಜನರಿಗೆ ಸಂತೋಷ ಕೊಡುವ ಯೋಗ ನನಗೆ ಹಿಂದೆಂದೂ ಬಂದಿರಲಿಲ್ಲ.

ನಗು ನಿಂತದ್ದು ಒಂದು ಬೆಳಿಗ್ಗೆ, ಹಾಲಿನ ನೀಲವ್ವ ಬಾಗಿಲಲ್ಲಿ ಅವ್ವನೊಡನೆ ಮಾತಾಡುತ್ತಿದ್ದುದನ್ನು ಒಳಗಿನಿಂದ ಕೇಳಿದಾಗ. "ಯಮ್ಮಾ, ಅಳ್ಯಾ ಯಾವೂರವರ್ರಿ?" ಎಂದು ನೀಲವ್ವ ಕೇಳಿದಳು. ಅಂಥವರು ಯಾರೂ ಇಲ್ಲ ಎಂಬ ಒಂದು ಮಾತು ಸಾಕಿತ್ತು. ಅವ್ವ, "ಇನ್ನೂ ನೋಡಾಕತ್ತೇವವ್ವ" ಎಂದಳು. ಆ ದನಿಯಲ್ಲಿ ಸುಳ್ಳು ಹೇಳುವವರ ಅಳುಕಿರಲಿಲ್ಲ, ಬಹಳ ಸಲ ಹೇಳಿ ಹೇಳಿ ನುಣುಪಾದ ಮಾತಿನ ಸರಾಗವಿತ್ತು. ಆಗ ನನಗೆ ಹೊಳೆಯಿತು: ಈ ಉತ್ತರ ಈ ವಾರದ್ದಲ್ಲ. ನಾನು ಮದುವೆ ಬೇಡವೆಂದ ದಿನದಿಂದ ಅವ್ವ ಇದೇ ಉತ್ತರವನ್ನು ಬಾವಿಕಟ್ಟೆಯಲ್ಲಿ, ದವಾಖಾನೆಯಲ್ಲಿ, ಹೆಣ ನೋಡಲು ಹೋದ ಮನೆಯಲ್ಲಿ ಕೂಡ ಹೇಳುತ್ತ ಬಂದಿದ್ದಾಳೆ. ಕೊನೆಗೆ ಹೇಳಿ ದಣಿದು ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಆಕೆಗೆ ಗದ್ದಲ ಆಗಿಬರುವುದಿಲ್ಲ ಎಂದು ನಾನು ತಿಳಿದಿದ್ದೆ. ಹಾಗೆ ತಿಳಿಯುವುದು ನನಗೆ ಅನುಕೂಲವಾಗಿತ್ತು.

ಗೆಳೆಯರೇ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಬೇಡ ಎಂದು ತಲೆಯೆತ್ತಿ ಹೇಳಿದ್ದನ್ನು ನನ್ನ ಬದುಕಿನ ದೊಡ್ಡ ಧೈರ್ಯವೆಂದು ನಾನು ಬಹಳ ದಿನ ಬೀಗಿಕೊಂಡು ತಿರುಗಿದ್ದೇನೆ. ಹೇಳಿದ್ದು ಒಂದೇ ಸಲ, ಅದೂ ಮನೆಯೊಳಗೆ, ನನ್ನನ್ನು ಎಂದೂ ಗದರಿಸದ ಅವ್ವನ ಮುಂದೆ. ಆಮೇಲೆ ನಾನು ಬಸ್ಸು ಹತ್ತಿ ಹುಕ್ಕೇರಿಗೆ ಹೋದೆ. ಅಲ್ಲಿ ಯಾರಾದರೂ ಕೇಳಿದರೆ ಮುಖ ಗಂಟಿಕ್ಕಿದರೆ ಸಾಕು, ಪಾಠ ಹೇಳುವ ಅಕ್ಕೋರ ಸಿಟ್ಟೆಂದರೆ ಎಲ್ಲರಿಗೂ ಹೆದರಿಕೆ. ಬಂಡಾಯ ಮಾಡಿದ್ದು ನಾನು, ಇಪ್ಪತ್ತು ವರ್ಷ ಠಾಣೆಗೆ ಹಾಜರಿ ಹಾಕಿ ಬಂದದ್ದು ಅವ್ವ. ಇನ್ನೀಗ ಒಂದು ಕಂಬದ ದೆಸೆಯಿಂದ ಊರೆಲ್ಲ ಆಕೆಯನ್ನು ಮಾತಾಡಿಸುತ್ತಿತ್ತು. ಮಾರ್ಕೆಟ್ಟಿನಲ್ಲಿ ಜನ ನಿಂತು ನಮಸ್ಕಾರ ಮಾಡುತ್ತಿದ್ದರು. ಸುಳ್ಳು ಬಯಲಾದ ದಿನ ಅದೇ ಜನ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವುದು ಯಾರನ್ನು ನೋಡಿ? ನನ್ನನ್ನು ನೋಡಿ ಅಲ್ಲ. ಇದನ್ನು ಯೋಚಿಸಿ ನನಗೆ ಅನ್ನ ಸೇರದಂತಾಯಿತು. ಮೌನೇಶಪ್ಪನ ಮೇಲೆ, ಅವನ ಉಳಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಮೀನುಗಳ ಮೇಲೆ ಸಿಟ್ಟು ಬಂತು.

ಎಂಟನೆಯ ದಿನ, ಭಾನುವಾರ ಬೆಳಿಗ್ಗೆ, ಮೌನೇಶಪ್ಪ ಕುಣಿ ತೋಡುತ್ತಿರುವಾಗಲೇ ಬಾಗಿಲಿಗೆ ಜೀಪು ಬಂದು ನಿಂತಿತು. ಮೂಡಲಗಿಯಿಂದ ಶಾಂತಾ ಕಾಕು, ಅಂದರೆ ನನ್ನ ಅಪ್ಪನ ತಮ್ಮನ ಹೆಂಡತಿ, ನಾಲ್ವರು ಹೆಂಗಸರನ್ನು ಕೂಡಿಸಿಕೊಂಡು, ಹಸಿರು ಬಳೆ, ಕುಪ್ಪಸದ ಖಣ, ಆರತಿಯ ತಟ್ಟೆಗಳ ಸಮೇತ ಇಳಿದಳು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ದಾರಿ ಮರೆತಿದ್ದವಳು ಈಕೆ. ಅವ್ವನ ಕಣ್ಣಿನ ಆಪರೇಶನ್ ಆದಾಗ ಬರಲು ಜೀಪು ಸಿಕ್ಕಿರಲಿಲ್ಲ. "ಏನವ್ವ ನೀ, ನಮಗೊಂದ ಮಾತ ಹೇಳಬಾರದ? ಹಂದರಗಂಬಾನ ವಾಟ್ಸಪ್ಪನ್ಯಾಗ ನೋಡಿ ಬರೂ ಹಂಗಾತು!" ಎಂದು ನನ್ನ ಗಲ್ಲ ಹಿಂಡಿದಳು. ನಾನು ಏಳು ದಿನ ಮನಸ್ಸಿನಲ್ಲೇ ತಿದ್ದಿ ತೀಡಿದ ಚತುರ ಭಾಷಣವೊಂದು ಇತ್ತು. ಬಾಯಿ ತೆರೆಯುವಷ್ಟರಲ್ಲಿ ಕಾಕು ಹೊಸ್ತಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿ, ಜೇನು ಸುರಿದ ದನಿಯಲ್ಲಿ ಹೇಳಿದಳು: "ಯಕ್ಕಾ, ನೀ ಸ್ವಲ್ಪ ಒಳಗ ನಿಂದ್ರ. ಮುತ್ತೈದ್ಯಾರ ಕೆಲಸ ಇದು. ಬ್ಯಾರೆ ತಿಳ್ಕೋಬ್ಯಾಡ."

ಕಾಕುವಿನ ಮನೆಯ ಪಡಸಾಲೆಯಲ್ಲಿ ಬಸವಣ್ಣನ ಆಳೆತ್ತರದ ಫೋಟೋ ಇದೆ, ದಿನಕ್ಕೆರಡು ಸಲ ಊದುಬತ್ತಿ ಬೆಳಗುತ್ತದೆ. ಗಂಡ ಸತ್ತವಳನ್ನು ಹಂದರದಿಂದ ದೂರವಿಡುವಾಗ ಮಾತ್ರ ಆ ಫೋಟೋದ ಕಡೆ ಬೆನ್ನು ಮಾಡಿ ನಿಲ್ಲುವ ಅಭ್ಯಾಸ ನಮ್ಮ ಬಳಗದವರಿಗೆಲ್ಲ ಕರಗತ. ಅವ್ವನಿಗೂ ಅದು ರೂಢಿಯೇ. ಇಂಥ ಹೊತ್ತಿನಲ್ಲಿ ಯಾರೂ ಹೇಳುವ ಮೊದಲೇ ಆಕೆ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದಳು. ಅಂದು ಸರಿಯಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಬಂದಳು.

"ಮದವಿ ಇಲ್ಲ ಶಾಂತಾ. ಮೀನಿಗಿ ಬಿಸಲ ತಾಕಾಕತ್ತೈತೆಂತ ನೆಳ್ಳ ಮಾಡಾಕತ್ತಾಳ ಆಕಿ."

"ಮೀನಿಗಿ?" ಎಂದಳು ಕಾಕು. ಕಂಬದ ತುದಿಯ ಒಣಗಿದ ಮಾವಿನೆಲೆ ನೋಡಿದಳು, ಹಳದಿ ಬಟ್ಟೆ ನೋಡಿದಳು. "ಹಂಗಾರ ಇದೆಲ್ಲಾ?"

"ಇದೂ ಮೀನಿಗೇ" ಎಂದಳು ಅವ್ವ. ಬಳಿಕ, ಅಷ್ಟೇ ಸಣ್ಣ ದನಿಯಲ್ಲಿ, "ನನ್ನ ಮಗಳು ತನ್ನ ಪಗಾರದಾಗ ಹಂದರ ಹಾಕಾಕತ್ತಾಳ. ಅದಕ್ಕೂ ನಾ ಒಳಗ ನಿಂದ್ರಬೇಕೇನ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಕಾಕುವಿನ ಕೈಯಲ್ಲಿದ್ದ ತಟ್ಟೆಯನ್ನು ತೆಗೆದುಕೊಂಡು ಕಂಬದ ಹತ್ತಿರ ಹೋದಳು.

ಕಂಪೌಂಡಿನ ಆಚೆ ಓಣಿಯ ಹತ್ತಾರು ತಲೆಗಳಿದ್ದವು. ನಾನು ನೋಡಿದ್ದು ಮೌನೇಶಪ್ಪನ ಮುಖವನ್ನು. ಹಸಿರು ಕಟ್ಟದೆ ಕಂಬ ನಿಲ್ಲಿಸಲೊಲ್ಲದವನು, ಉಳಿಯ ಅಭಿಪ್ರಾಯ ಕೇಳಿ ಕೆಲಸ ಮಾಡುವವನು, ವಿಧವೆಯೊಬ್ಬಳು ಅರಿಶಿನದ ಬಟ್ಟಲಿಗೆ ಕೈಯಿಟ್ಟಾಗ ಹತಾರ ಕಟ್ಟಿಕೊಂಡು ಹೊರಟೇಬಿಡುತ್ತಾನೆ ಎಂದು ನನಗೆ ಖಾತ್ರಿಯಿತ್ತು. ಅವನು ಕುಣಿಯೊಳಗಿಂದ ತಲೆಯೆತ್ತಿ ನೋಡಿ, ತಪ್ಪು ಕಂಡ ಕಸುಬುದಾರನ ತುಸು ಅಸಹನೆಯಿಂದ, "ಯಮ್ಮಾ, ಮೊದಲ ಹಾಲ ಎರೀರಿ. ಅರಿಶಿಣ ಆಮ್ಯಾಲ" ಎಂದ. ಅವ್ವ, "ಹೌದಲ್ಲ, ಮರತನಿ" ಎಂದು ಹಾಲಿನ ತಂಬಿಗೆ ಎತ್ತಿಕೊಂಡಳು.

ಅವನನ್ನು ಎಂಟು ದಿನ ಮನಸ್ಸಿನಲ್ಲೇ ಗೇಲಿ ಮಾಡಿದ ನನಗೆ ನಾಚಿಕೆಯಾಯಿತು. ಅವನಿಗೆ ಬೇಕಾದದ್ದು ಹಾಲು, ಹಸಿರು, ಕ್ರಮ. ಎರೆಯುವ ಕೈ ಯಾರದೆಂಬುದನ್ನು ಅವನೂ ಕೇಳಲಿಲ್ಲ, ಅವನ ಉಳಿಯೂ ಕೇಳಲಿಲ್ಲ. ಕೇಳಿದವರು ನಾವು, ಓದಿದವರು, ಫೋಟೋ ತೂಗುಹಾಕಿದವರು. ಹಾಗೆ ನೋಡಿದರೆ ನಾನೂ ಕಾಕುವಿನ ಸಾಲಿನಲ್ಲೇ ನಿಂತಿದ್ದೆ. ಬಾಗಿಲ ಹಿಂದೆ ಸರಿದು ನಿಲ್ಲುವ ಅವ್ವನನ್ನು ಹತ್ತೆಂಟು ಸಮಾರಂಭಗಳಲ್ಲಿ ನೋಡಿಯೂ, ಹೊರಗೆ ಬಾ ಎಂದು ಒಂದು ದಿನ ಕೈಹಿಡಿದು ಕರೆದವಳಲ್ಲ ನಾನು. ವರ್ಷಕ್ಕೊಂದು ಭಾಷಣ ಮಾಡಿದರೆ ಮುಗಿಯಿತು ಎಂದುಕೊಂಡಿದ್ದೆ.

ಕಾಕು ಖಣಗಳನ್ನು ಚೀಲಕ್ಕೆ ಮರಳಿ ತುಂಬಿಕೊಂಡಳು. ಊಟವನ್ನು ಮಾತ್ರ ಬಿಡಲಿಲ್ಲ. ಜೀಪಿನ ಬಾಡಿಗೆ ದಂಡವಾಯಿತೆಂದು ಮೂಡಲಗಿಯ ತನಕ ಹಲುಬಿದಳಂತೆ. ಊರು ಎರಡು ದಿನ ನಮ್ಮನ್ನು ನಗೆಗೀಡು ಮಾಡಿತು, ಮೂರನೆಯ ದಿನ ಎದುರಿನ ಓಣಿಯಲ್ಲಿ ಅಣ್ಣತಮ್ಮಂದಿರು ಗೋಡೆಗಾಗಿ ಬಡಿದಾಡಿಕೊಂಡದ್ದರಿಂದ ನಮ್ಮನ್ನು ಕೈಬಿಟ್ಟಿತು. ಪರ್ಗೋಲಾ ನಿಂತಿತು. ನೀರು ಇನ್ನೂ ಪೂರ್ತಿ ತಿಳಿಯಾಗಿಲ್ಲ, ಆದರೆ ಮಧ್ಯಾಹ್ನದ ಹೊತ್ತು ಮೀನುಗಳು ಅಡ್ಡಪಟ್ಟಿಗಳ ನೆರಳಿನ ಗೆರೆಗಳಲ್ಲಿ ಸಾಲಾಗಿ ನಿಂತಿರುತ್ತವೆ. ಅವ್ವ ಅದರ ಕೆಳಗೆ ಕೂತು ಅವರೆಕಾಯಿ ಬಿಡಿಸುತ್ತಾಳೆ. ಹಾದುಹೋಗುವವರು ಈಗಲೂ ನಿಂತು, ಮೇಲೆ ಹೊದಿಕೆ ಯಾವಾಗ ಹಾಕುತ್ತೀರಿ ಎಂದು ಕೇಳುತ್ತಾರೆ.

ಹೋದ ತಿಂಗಳು ಅಂಕಲಗಿಯಲ್ಲಿ ಹಾಲಿನ ನೀಲವ್ವನ ಮಗಳ ಮದುವೆಯಿತ್ತು. ಅವ್ವ ಟ್ರಂಕಿನಿಂದ ಇಳಕಲ್ಲ ಸೀರೆ ತೆಗೆದು ಉಟ್ಟು, ಬೆಳಿಗ್ಗೆಯೇ ಟಂಟಂ ಆಟೋ ಹತ್ತಿ ಒಬ್ಬಳೇ ಹೋದಳು. ನಾನು ಬರುತ್ತೇನೆಂದರೆ ಬೇಡವೆಂದಳು. ಸಂಜೆ ಬಂದು ಕಾಲು ತೊಳೆದು ಕೂತವಳನ್ನು, ಇಡೀ ದಿನ ತಳಮಳಿಸಿದ್ದ ನಾನು, ನನ್ನ ವಿಷಯ ಯಾರಾದರೂ ಕೇಳಿದರೇ ಎಂದು ಕೇಳಿದೆ.

"ಕೇಳಿದ್ರು. ಹಂದರದಾಗ ಕುಂತಾವರೆಲ್ಲ ಕೇಳಿದ್ರು. ಆಕಿಗಿ ಬ್ಯಾಡಂತ್ರಿ ಅಂದ್ನಿ" ಎಂದಳು ಅವ್ವ. ಬಳಿಕ ಕೈಚೀಲದಿಂದ ಎಲೆಯಡಿಕೆ ತೆಗೆದು ಬಾಯಿಗೆ ಹಾಕಿಕೊಂಡು, "ಹುಗ್ಗಿಗಿ ಬೆಲ್ಲಾ ಸ್ವಲ್ಪ ಕಮ್ಮಿ ಬಿದ್ದಿತ್ತು" ಎಂದಳು.