ಕುಂಕುಮ ಇಟ್ಟ ಲ್ಯಾಪ್‌ಟಾಪುಗಳು

ಸಿಂಚನಾ, ಪ್ರಜ್ವಲ್, ಇದನ್ನು ನಿಮಗೆಂದೇ ಬರೆಯುತ್ತಿದ್ದೇನೆ. ಬಾಯಲ್ಲೇ ಹೇಳೋಣವೆಂದು ಎರಡು ಸಲ ನಿಮ್ಮ ಹತ್ತಿರ ಬಂದು ಕೂತೆ, ಆಗಲಿಲ್ಲ. ಎದುರಿಗಿದ್ದವರ ಮುಖ ನೋಡಿದರೆ ನನಗೆ ಮಾತು ಹೊರಡುವುದಿಲ್ಲ. ಹಾಳೆಗೆ ಮುಖವಿಲ್ಲವಲ್ಲ, ಬರೆಯಬಹುದು. ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೋದ ವಾರ ಮಿಕ್ಸಿ ಕೆಟ್ಟಿತ್ತಲ್ಲ, ಅದನ್ನು ಸರಿಮಾಡಲು ಬಂದವನು ಜಗಲಿಯ ಮೇಲೆ ಕೂತು ತಂತಿಗೆ ಬೆಸುಗೆ ಹಾಕಿದ. ಕಾದ ಕಡ್ಡಿಯನ್ನು ರಾಳಕ್ಕೆ ಅದ್ದಿದ ಕೂಡಲೇ ಒಂದೆಳೆ ಹೊಗೆ ಎದ್ದಿತು. ಸಾಂಬ್ರಾಣಿಯ ಹಾಗೆ, ಆದರೆ ಸಾಂಬ್ರಾಣಿಯಲ್ಲ... ಅವನಿಗೆಂದು ತಂದ ಕಾಫಿ ಲೋಟ ಹಿಡಿದುಕೊಂಡು ನಾನು ಹಾಗೇ ನಿಂತುಬಿಟ್ಟೆ. ಅದು ನಮ್ಮ ರಿಪೇರಿಯಣ್ಣನ ಅಂಗಿಯಿಂದ ಬರುತ್ತಿದ್ದ ವಾಸನೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದೆ. ಸಿಂಚನಾ, ನೀನಾಗ ಅಂಗನವಾಡಿಗೆ ಹೋಗುತ್ತಿದ್ದೆ, ಇವನಿನ್ನೂ ತೊಟ್ಟಿಲಲ್ಲಿದ್ದ. ಶಾಲೆಯ ಮಕ್ಕಳಲ್ಲಿ ಮುಕ್ಕಾಲು ಪಾಲು ಕೂಲಿಯವರ ಮಕ್ಕಳು. ಹೊಗೆಸೊಪ್ಪು ಮುರಿಯುವ ಕಾಲ ಬಂದರೆ ದೊಡ್ಡ ಮಕ್ಕಳು ಶಾಲೆ ಬಿಟ್ಟು ಸೊಪ್ಪು ಪೋಣಿಸಲು ಹೋಗಿಬಿಡುತ್ತಿದ್ದವು. ಪಾಠದ ಪುಸ್ತಕದಲ್ಲಿ ಕಂಪ್ಯೂಟರಿನ ಚಿತ್ರವಿತ್ತು, ಮಕ್ಕಳು ಅದಕ್ಕೆ ಬಣ್ಣ ಹಚ್ಚುತ್ತಿದ್ದವು. ಅಷ್ಟೇ ಅವರ ಕಂಪ್ಯೂಟರು.

ನಮ್ಮ ಹೆಡ್‌ಮೇಷ್ಟ್ರು ಹುಣಸೂರಿನಲ್ಲಿ, ನಾವೆಲ್ಲ ರಿಪೇರಿಯಣ್ಣ ಎಂದು ಕರೆಯುತ್ತಿದ್ದವರನ್ನು ಹುಡುಕಿ ಹಿಡಿದರು. ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದೊಂದು ಸಣ್ಣ ಅಂಗಡಿ. ಮೊದಲು ರೇಡಿಯೊ, ಆಮೇಲೆ ಟಿವಿ ಸರಿಮಾಡುತ್ತಿದ್ದವರು. ಮೈಸೂರಿನ ಆಫೀಸುಗಳು ಬೇಡವೆಂದು ತೆಗೆದುಹಾಕಿದ ಲ್ಯಾಪ್‌ಟಾಪುಗಳನ್ನು ತಂದು, ಒಂದರ ಪರದೆ ಇನ್ನೊಂದಕ್ಕೆ, ಅದರ ಬ್ಯಾಟರಿ ಮತ್ತೊಂದಕ್ಕೆ ಜೋಡಿಸಿ, ಮಕ್ಕಳ ಶಾಲೆಯೆಂದರೆ ಬಿಡಿಭಾಗದ ಖರ್ಚಿಗೇ ಕೊಟ್ಟುಬಿಡುತ್ತಿದ್ದರು. ಹೊಸದೊಂದನ್ನು ಕೊಳ್ಳುವ ದುಡ್ಡಿಗೆ ಅವರ ಹತ್ತಿರ ನಾಲ್ಕೈದು ಬರುತ್ತಿದ್ದವು. ಊರಿನ ಹಳೇ ವಿದ್ಯಾರ್ಥಿಗಳು ಸೇರಿ ನಮ್ಮ ಶಾಲೆಗೆ ಹನ್ನೆರಡು ತರಿಸಿದರು.

ಅವರು ಬಂದ ದಿನ ಚೆನ್ನಾಗಿ ನೆನಪಿದೆ. ಲ್ಯಾಪ್‌ಟಾಪುಗಳನ್ನು ಗೋಣಿತಾಟಿನಲ್ಲಿ ಸುತ್ತಿ, ಹಗ್ಗ ಬಿಗಿದು, ಮೊಪೆಡ್ಡಿನ ಮುಂದೆ ಹಿಂದೆ ಇಟ್ಟುಕೊಂಡು ಬಂದಿದ್ದರು. ಅರಳಿಕಟ್ಟೆಯಲ್ಲಿ ಕೂತಿದ್ದವರು, “ಏನಣ್ಣಾ, ಹೊಗೆಸೊಪ್ಪು ಹರಾಜಿಗೆ ಹೊಂಟಂಗದೆ. ಯಾವ ಗ್ರೇಡು?” ಎಂದು ರೇಗಿಸಿದರು. “ಒಂದನೇ ಗ್ರೇಡೇ ಕಣ್ಲಾ. ಆದ್ರೆ ನಿಂಗೆ ಸೇದಾಕೆ ಆಗಲ್ಲ” ಎನ್ನುತ್ತಲೇ ಅವರು ಶಾಲೆಯ ಗೇಟು ದಾಟಿದರು.

ತೆಳ್ಳಗಿನ ಆಳು. ಕನ್ನಡಕದ ಒಂದು ಕಾಲಿಗೆ ತಾಮ್ರದ ತಂತಿ ಸುತ್ತಿತ್ತು. ಊರವರ ಯಂತ್ರಗಳನ್ನೆಲ್ಲ ಸರಿಮಾಡುತ್ತಿದ್ದವರಿಗೆ ಕನ್ನಡಕ ಸರಿಮಾಡಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಪ್ರತಿ ಶನಿವಾರ ಬರುತ್ತಿದ್ದರು. ಮಕ್ಕಳನ್ನು ನೆಲದ ಮೇಲೆ ಕೂರಿಸಿ, ತಾವೂ ಕೂತು, “ಮುಟ್ರಪ್ಪಾ, ಕಚ್ಚಲ್ಲ” ಎನ್ನುತ್ತಿದ್ದರು. ಬೀರುವಿನಲ್ಲಿ ಬೀಗ ಹಾಕಿ ಇಡುವುದು ಅವರಿಗೆ ಆಗದು. ಕೆಟ್ಟರೆ ಕೆಡಲಿ, ಸರಿಮಾಡಲು ನಾನಿಲ್ಲವೇ, ಮಕ್ಕಳ ಕೈಗೆ ಕೊಡಿ ಎಂದು ಮೇಷ್ಟ್ರ ಹತ್ತಿರ ಜಗಳವಾಡುತ್ತಿದ್ದರು. ಊಟದ ಹೊತ್ತಿಗೆ ಮಕ್ಕಳ ಸಾಲಿನ ಕೊನೆಯಲ್ಲಿ ತಟ್ಟೆ ಹಿಡಿದು ನಿಲ್ಲುವರು. ಎಷ್ಟು ಹೇಳಿದರೂ ಮುಂದೆ ಬರುತ್ತಿರಲಿಲ್ಲ.

ಒಂದು ಶನಿವಾರ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಅಡುಗೆಮನೆಗೆ ಓಡಿಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಇವತ್ತು ನುಗ್ಗೆಕಾಯಿ ಸಾಂಬಾರ್’ ಎಂದು ಬರೆದಿದ್ದಳು. ಅವಳ ಅಪ್ಪ ಅಮ್ಮ ಇಬ್ಬರಿಗೂ ಓದು ಬಾರದು. ನಾನು ಮಾಡಿದ ಸಾಂಬಾರು ಅಲ್ಲಿ ಬೆಳಕಾಗಿ ಕೂತಿತ್ತು... ನನಗೆ ಕಣ್ಣಲ್ಲಿ ನೀರು ಬಂತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಲ್ಯಾಪ್‌ಟಾಪಿಗೆ ಕೈಮುಗಿದೆ. ರಿಪೇರಿಯಣ್ಣ ನಕ್ಕರು. ನಗಬಾರದಿತ್ತು ಎನ್ನಿಸಿತೋ ಏನೋ, ತಕ್ಷಣ ತಾವೂ ಒಂದು ಸಲ ಕೈಮುಗಿದರು.

ಆ ಕೈಮುಗಿದದ್ದೇ ಮುಂದೆ ಅನಾಹುತಕ್ಕೆ ದಾರಿಯಾಯಿತು.

ದಸರಾ ರಜೆಗೆ ಶಾಲೆ ಮುಚ್ಚುವ ದಿನವೇ ನಾವು ಆಯುಧಪೂಜೆ ಮಾಡಿಬಿಡುತ್ತಿದ್ದೆವು. ಆ ವರ್ಷ ಹೆಡ್‌ಮೇಷ್ಟ್ರು ನನ್ನ ಕೈಗೆ ಬೀರುವಿನ ಬೀಗದ ಕೈ ಕೊಟ್ಟು, ಲ್ಯಾಪ್‌ಟಾಪುಗಳಿಗೂ ಒಂದೊಂದು ಹೂ ಇಟ್ಟು ಬೀಗ ಹಾಕಿಬಿಡು ಎಂದರು. ಹೂ ಇಡು ಎಂದಷ್ಟೇ ಅವರು ಹೇಳಿದ್ದು. ಆದರೆ ನೇಗಿಲಾಗಲಿ, ಕುಡುಗೋಲಾಗಲಿ, ಗಾಡಿಯಾಗಲಿ, ತೊಳೆಯದೆ ಪೂಜೆ ಮಾಡುವುದುಂಟೇ? ಅಡುಗೆಯ ಪಾತ್ರೆಗಳನ್ನೆಲ್ಲ ತೊಳೆದವಳು ಅದೇ ಶ್ರದ್ಧೆಯಲ್ಲಿ ಬಟ್ಟೆಯನ್ನು ನೀರಿಗೆ ಅದ್ದಿ, ಅರ್ಧಂಬರ್ಧ ಹಿಂಡಿ, ಹನ್ನೆರಡನ್ನೂ ತೆರೆದು ಒಳಗೆ ಹೊರಗೆ ಒರೆಸಿದೆ. ಅಕ್ಷರದ ಗುಂಡಿಗಳ ಸಂದಿಗೂ ಒದ್ದೆ ಬಟ್ಟೆಯ ತುದಿ ತೂರಿಸಿದೆ. ಅಕ್ಷರವೇ ಸರಸ್ವತಿಯಲ್ಲವೇ ಎಂದು ಗುಂಡಿಗಳ ಮೇಲೆಯೇ ಅರಿಶಿನ ಕುಂಕುಮ ಇಟ್ಟೆ, ತೀರ್ಥ ಚಿಮುಕಿಸಿದೆ, ಹೂವಿಟ್ಟೆ, ಮುಚ್ಚಿ ಬೀರುವಿಗೆ ಬೀಗ ಹಾಕಿದೆ. ಮನೆಗೆ ಬಂದಾಗ ನನಗೆ ಎಷ್ಟು ಸಂತೋಷವಾಗಿತ್ತೆಂದರೆ... ಹೇಗೆ ಬರೆಯಲಿ.

ರಜೆ ಮುಗಿದು ತೆರೆದಾಗ ಏಳು ಲ್ಯಾಪ್‌ಟಾಪು ಹೊತ್ತಿಕೊಳ್ಳಲಿಲ್ಲ. ಒಣಗಿದ ಹೂವನ್ನು ಮೇಷ್ಟ್ರು ಕೊಡವಿ ಹಾಕಿದರು. ಕುಂಕುಮವೂ ಸ್ವಲ್ಪ ಕಂಡಿರಬೇಕು; ಪೂಜೆಯದು ಎಂದುಕೊಂಡು ಒರೆಸಿದರು. ನೀರಿನ ವಿಷಯ ಯಾರ ತಲೆಗೂ ಹೋಗಲಿಲ್ಲ. ನನಗೂ ಆ ದಿನ ಹೊಳೆಯಲಿಲ್ಲ, ನಿಜ ಹೇಳುತ್ತೇನೆ.

ಶಾಲಾ ಸಮಿತಿಯ ಸಭೆ ಕರೆದು ರಿಪೇರಿಯಣ್ಣನನ್ನು ಬರಹೇಳಿದರು. ಆ ಸಭೆಗೆ ಕಂಪಲಾಪುರದಿಂದ ಒಳಗಿರುವ ಒಂದು ಊರಿನ ಹೆಡ್‌ಮೇಷ್ಟ್ರೂ ಬಂದಿದ್ದರು. ಅವರ ಶಾಲೆಗೂ ಇಪ್ಪತ್ತು ಲ್ಯಾಪ್‌ಟಾಪು ತೆಗೆದುಕೊಳ್ಳುವ ಮಾತಾಗಿ, ಹೇಗಿವೆ ಎಂದು ನೋಡಲು ಬಂದವರು. ಅವರದಾದ ಮೇಲೆ ಎಚ್.ಡಿ.ಕೋಟೆ ಕಡೆಯ ಕಾಡಿನ ಜನರ ಹಾಡಿಯ ಶಾಲೆಯೊಂದಕ್ಕೆ ಕೊಡಬೇಕೆಂದು ರಿಪೇರಿಯಣ್ಣ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಎಲ್ಲ ಆ ಒಂದು ಸಭೆಯ ಮೇಲೆ ನಿಂತಿತ್ತು.

ಸಮಿತಿಯ ಅಧ್ಯಕ್ಷರು ಬಾಯಿಗೆ ಬಂದದ್ದನ್ನು ಅಂದರು. ಗುಜರಿಯನ್ನು ತಂದು ಮಕ್ಕಳ ತಲೆಗೆ ಕಟ್ಟಿದ್ದೀಯ ಎಂದರು. ರಿಪೇರಿಯಣ್ಣ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಒಂದು ಲ್ಯಾಪ್‌ಟಾಪಿನ ಗುಂಡಿಗಳ ಹಲಗೆಯನ್ನು ಮೀಟಿ ಎತ್ತಿದರು. ನಾನು ಟೀ ತಟ್ಟೆ ಹಿಡಿದು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಒಳಗೆ ಕುಂಕುಮ ಕೆಸರಿನಂತೆ ಹೆಪ್ಪುಗಟ್ಟಿ ಕೂತಿತ್ತು. ಅದರ ಸುತ್ತ ಹಸಿರು ಕಿಲುಬು. ಆಗ ನನಗೆ ಎಲ್ಲ ತಿಳಿಯಿತು. ತಟ್ಟೆಯಲ್ಲಿ ಲೋಟಗಳು ಸದ್ದು ಮಾಡಿದವು. ಅವರು ತಿರುಗಿ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ಅವರು ಹಲಗೆಯನ್ನು ಮೆಲ್ಲಗೆ ಒತ್ತಿ ಮುಚ್ಚಿದರು. “ಹಳೇ ಮಾಲು ಕಣ್ರೀ. ನಾನೇ ಸರ್ಯಾಗಿ ನೋಡಿಲ್ಲ. ತಗೊಂಡೋಗಿ ಮಾಡ್ಕೊಡ್ತೀನಿ” ಎಂದರು.

ಕಂಪಲಾಪುರದ ಕಡೆಯ ಮೇಷ್ಟ್ರು ಟೀ ಕುಡಿಯದೆ ಎದ್ದುಹೋದರು. ನಾನು ಬಾಯಿ ತೆಗೆಯಲಿಲ್ಲ. ಕೆಲಸ ಹೋದರೆ ಮನೆ ಹೇಗೆ ನಡೆಯುತ್ತದೆ ಎಂಬ ಭಯವೊಂದಿತ್ತು. ಅದಕ್ಕಿಂತ, ಅಷ್ಟು ಗಂಡಸರ ಮುಂದೆ ದನಿ ಎತ್ತಿ ಮಾತಾಡಿದ್ದೇ ಇರಲಿಲ್ಲ ನಾನು... ಆದರೆ ಇದನ್ನೆಲ್ಲ ಈಗ ಹೇಳಿ ಏನು ಬಂತು. ಸುಮ್ಮನಿದ್ದೆ, ಅಷ್ಟೇ.

ಹತ್ತು ದಿನ ಹಾಗೇ ಕಳೆದೆ. ಅನ್ನ ಎರಡು ಸಲ ಸೀಯಿಸಿದೆ. ಮುಂದಿನ ಭಾನುವಾರ ಬಿಳಿಕೆರೆಗೆ ನಡೆದು, ಬಸ್ ಹತ್ತಿ ಹುಣಸೂರಿಗೆ ಹೋದೆ. ಅಂಗಡಿಯಲ್ಲಿ ನಮ್ಮ ಏಳು ಲ್ಯಾಪ್‌ಟಾಪೂ ಹೊಟ್ಟೆ ಬಿಚ್ಚಿಕೊಂಡು ಹಲಗೆಯ ಮೇಲೆ ಮಲಗಿದ್ದವು. ರಿಪೇರಿಯಣ್ಣ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟಿಗೆ ಅದ್ದಿ ಒಂದೊಂದೇ ಗುಂಡಿ ಉಜ್ಜುತ್ತಿದ್ದರು. ಬ್ರಷ್ಷಿನ ಕೂದಲೆಲ್ಲ ಕೆಂಪಾಗಿತ್ತು. ನಾನು ಬಾಗಿಲಲ್ಲೇ ನಿಂತೆ.

“ಬಾ ಕಣವ್ವಾ, ಕೂತ್ಕೊ” ಎಂದರು. “ನಿಂಗೇನು ಕಮ್ಮಿ ಭಕ್ತಿನಾ? ಮಾರಮ್ಮನ ಗುಡೀಲೂ ಇಷ್ಟೊಂದು ಕುಂಕುಮ ಮೆತ್ತಾಕಿಲ್ಲ.”

ನನಗೆ ನಗುವೂ ಬಂತು, ಅಳುವೂ ಬಂತು. ಅಳುವೇ ಗೆದ್ದಿತು. ಸೋಮವಾರ ಶಾಲೆಯಲ್ಲಿ ಹೇಳಿಬಿಡುತ್ತೇನೆ ಎಂದೆ. ಅವರು ಬ್ರಷ್ ಕೆಳಗಿಟ್ಟರು.

“ಹೇಳ್ಬ್ಯಾಡ. ನಿನ್ ಕೆಲ್ಸ ಕಿತ್ಕೊಂಡ್ರೆ ಅದನ್ನ ನಾನ್ ರಿಪೇರಿ ಮಾಡಾಕಾಗಲ್ಲ. ನನ್ನ ಹೆಸ್ರು ಬುಡು, ಎಂಗೋ ಆಯ್ತದೆ.”

ಅವರು ಹಾಗಂದದ್ದರಿಂದಲೇ ನನಗೆ ಧೈರ್ಯ ಬಂತು. ಹೇಳು ಎಂದು ಒತ್ತಾಯಿಸಿದ್ದರೆ ಬಹುಶಃ ಹೇಳುತ್ತಿರಲಿಲ್ಲ.

ಸೋಮವಾರ ಹೆಡ್‌ಮೇಷ್ಟ್ರ ಕೋಣೆಗೆ ಹೋದೆ. ಅಧ್ಯಕ್ಷರೂ ಅಲ್ಲೇ ಕೂತಿದ್ದರು. ಮೇಜಿನ ಮೇಲಿದ್ದ ಗಂಟೆಯನ್ನೇ ನೋಡುತ್ತ, “ಸಾರ್, ಅವು ಗುಜರಿ ಅಲ್ಲ. ನಾನೇ ನೀರಲ್ಲಿ ಒರೆಸ್ಬುಟ್ಟೆ” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿಸಿದರು. ಇನ್ನೊಂದು ಸಲ ಹೇಳಿದೆ.

ಅಧ್ಯಕ್ಷರು, “ಅಲ್ಲಾ ಕಣಮ್ಮೀ, ನಿಮ್ಮನೆ ಟೀವಿನೂ ಬಾವಿಕಟ್ಟೇಲಿ ಇಟ್ಟು ತೊಳೀತೀಯಾ?” ಎಂದು ಶುರುಮಾಡಿದರು. ನನ್ನ ಜೊತೆ ಅಡುಗೆ ಮಾಡುತ್ತಿದ್ದಾಕೆ ಅವರಿಗೆ ಸೋದರತ್ತೆಯಾಗಬೇಕು. ಬಾಗಿಲ ಹೊರಗೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, “ಓದ್ ವರ್ಸದ ಆಯುಧಪೂಜೇಲಿ ಮೋಟ್ರಿನ ಸ್ಟಾರ್ಟರ್‌ಗೆ ಚೆಂಬಲ್ಲಿ ನೀರುಯ್ದು ಸುಟ್ಟಾಕ್ದೋನು ಯಾರ್ಲಾ?” ಎಂದಳು. ಮೇಷ್ಟ್ರು ಮುಖ ತಿರುಗಿಸಿಕೊಂಡು ಕೆಮ್ಮಿದರು. ಅಧ್ಯಕ್ಷರು ಫೋನು ತೆಗೆದು ರಿಪೇರಿಯಣ್ಣನಿಗೆ ಬರಹೇಳಿದರು. ನನ್ನ ಕೆಲಸ ಉಳಿಯಿತು.

ಏಳರಲ್ಲಿ ಆರು ಮತ್ತೆ ಹೊತ್ತಿಕೊಂಡವು. ಸತ್ತ ಒಂದನ್ನು ಅವರು ಬಿಚ್ಚಿ, ಒಳಗೆ ಏನೇನಿದೆ ಎಂದು ಮಕ್ಕಳಿಗೆ ತೋರಿಸಲು ಇಟ್ಟುಕೊಂಡರು. ನುಗ್ಗೆಕಾಯಿ ಸಾಂಬಾರಿನ ಹುಡುಗಿ ಈಗ ಕೆ.ಆರ್. ನಗರದ ಕಡೆಗೆ ಮದುವೆಯಾಗಿ, ಹೊಸ ಅಗ್ರಹಾರದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ರೈತರಿಗೆ ಪಹಣಿ, ಅರ್ಜಿ ಮಾಡಿಕೊಡುತ್ತಾಳೆ. ಇದೆಲ್ಲ ಒಳ್ಳೆಯದೇ ಆಯಿತು.

ಆದರೆ ಕಂಪಲಾಪುರದ ಕಡೆಯ ಆ ಶಾಲೆ... ನಾನೇ ನಮ್ಮ ಮೇಷ್ಟ್ರ ಜೊತೆ ಹೋಗಿ ನಡೆದದ್ದನ್ನು ಹೇಳಿದೆ. ಅಲ್ಲಿನ ಮೇಷ್ಟ್ರು ಬೈಯಲಿಲ್ಲ. ಕೂರಿಸಿ ಮಜ್ಜಿಗೆ ಕೊಟ್ಟರು. ಲ್ಯಾಪ್‌ಟಾಪಿಗೆಂದು ದಾನಿಯೊಬ್ಬರು ಕೊಟ್ಟಿದ್ದ ದುಡ್ಡಿನಲ್ಲಿ ಅಷ್ಟರಲ್ಲಾಗಲೇ ಕಾಂಪೌಂಡಿಗೆ ಬಣ್ಣ ಹೊಡೆಸಿ ಮುಗಿದಿತ್ತು. ನೀಲಿ ಗೋಡೆ, ಅದರ ಮೇಲೆ ಅ ಆ ಇ ಈ. ನೋಡಲು ಚೆನ್ನಾಗಿತ್ತು. ಆ ಗೋಡೆಯ ಒಳಗಿನ ಮಕ್ಕಳಿಗೆ ಲ್ಯಾಪ್‌ಟಾಪು ಸಿಗಲಿಲ್ಲ. ಮಾತು ಸುತ್ತಮುತ್ತ ಹರಡಿದ್ದರಿಂದ ಹಾಡಿಯ ಶಾಲೆಯವರೂ ಹಿಂದೆ ಸರಿದಿದ್ದರು. ನಾನು ಸುಮ್ಮನಿದ್ದ ಹತ್ತು ದಿನಕ್ಕೆ ಅಷ್ಟು ಮಕ್ಕಳು... ವಾಪಸು ಬಂದು ರಿಪೇರಿಯಣ್ಣನಿಗೆ ಹೇಳಿದರೆ, ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಆಮೇಲೆ ಸಾಂಬಾರಿಗೆ ಏನು ಹಾಕಿದ್ದೀಯ ಎಂದು ಕೇಳಿದರು.

ನಾಲ್ಕೈದು ವರ್ಷ ಹಾಗೇ ಬಂದುಹೋಗುತ್ತಿದ್ದರು. ಆಮೇಲೆ ಕೈ ನಡುಕ ಬಂತು, ಬರುವುದು ಕಡಿಮೆಯಾಯಿತು. ಒಂದು ದಿನ ಹುಣಸೂರಿಗೆ ಹೋದವಳು ಮಾತಾಡಿಸಿಕೊಂಡು ಬರೋಣವೆಂದು ಓಣಿಗೆ ತಿರುಗಿದರೆ, ಅಂಗಡಿಯ ಜಾಗದಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ತೀರಿಹೋಗಿ ಮೂರು ತಿಂಗಳಾಗಿತ್ತಂತೆ. ನಮ್ಮೂರಿಗೆ ಯಾರೂ ತಿಳಿಸಿರಲಿಲ್ಲ. ಮಣ್ಣಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕುವುದೂ ಆಗಲಿಲ್ಲ.

ಈಗ ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೆಂದರೆ, ಒಂದು ವಿಷಯ ಉಳಿದಿದೆ. ಹೋದ ವರ್ಷ ಅಡುಗೆ ಕೆಲಸ ಬಿಡುವಾಗ ಸಹಿ ಹಾಕಲು ಕರೆದರು. ಹೊಸ ಹೆಡ್‌ಮೇಷ್ಟ್ರು ಬೀರುವಿನಿಂದ ಹಳೇ ದಾಖಲೆ ತೆಗೆದು ಹುಡುಕುವಾಗ ಸಮಿತಿಯ ಸಭೆಗಳ ಪುಸ್ತಕ ಮೇಜಿನ ಮೇಲೆ ತೆರೆದುಕೊಂಡಿತ್ತು. ಆ ದಿನದ ಸಭೆಯ ಪುಟ. ರಿಪೇರಿಯಣ್ಣನ ಪೂರ್ತಿ ಹೆಸರು, ತಂದೆಯ ಹೆಸರು ಬರೆದು, ‘ಇವರು ಪೂರೈಸಿದ ಲ್ಯಾಪ್‌ಟಾಪುಗಳು ಕಳಪೆಯಾಗಿದ್ದು, ತಪ್ಪನ್ನು ಒಪ್ಪಿಕೊಂಡಿರುತ್ತಾರೆ’ ಎಂದಿತ್ತು. ಕೆಳಗೆ ಎಲ್ಲರ ಸಹಿ, ಅವರದೂ. ಅದರ ಮುಂದಿನ ಪುಟಗಳನ್ನು ತಿರುವಿದೆ. ನಾನು ಒಪ್ಪಿಕೊಂಡದ್ದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಹೊಸ ಮೇಷ್ಟ್ರನ್ನು ಕೇಳಿದೆ. ಹಳೇ ನಡವಳಿಯನ್ನು ಈಗ ತಿದ್ದುವ ಹಾಗಿಲ್ಲಮ್ಮ ಎಂದರು. ಸರಿ ಎಂದು ಬಂದುಬಿಟ್ಟೆ.

ಆ ಪುಸ್ತಕ ಶಾಲೆಯ ಬೀರುವಿನಲ್ಲಿ ಇರುತ್ತದೆ, ಮುಂದೆಯೂ ಇರುತ್ತದೆ. ಅದರಲ್ಲಿ ಬರೆದದ್ದು ಸುಳ್ಳು. ಇದರಲ್ಲಿ ನಾನು ಬರೆದದ್ದು ನಿಜ. ನಾಳೆ ಯಾರಾದರೂ ಅದನ್ನು ತೋರಿಸಿ ಅವರ ಬಗ್ಗೆ ಒಂದು ಮಾತಾಡಿದರೆ, ನಿಮ್ಮ ಹತ್ತಿರ ಇದು ಇರಬೇಕು. ಕೆಳಗೆ ನನ್ನ ಸಹಿ ಹಾಕಿದ್ದೇನೆ. ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನೀರು ತಾಗದ ಕಡೆ ಇಡಿ.