ಓಡುವ ಮೊದಲು ಒಂದು ತುತ್ತು

ಅಕ್ಕೋರ ಬಲಗೈಯ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಖೋ ಖೋ ಆಡುವಾಗ ಕಂಬಕ್ಕೆ ಬಡಿದು ಮುರಿದದ್ದಂತೆ. ಆ ಬೆರಳಿನಿಂದಲೇ ಮೊಬೈಲ್ ಒತ್ತುತ್ತಿದ್ದರು. ಒಂದನ್ನು ಒತ್ತಿದರೆ ಪಕ್ಕದ್ದು ತೆರೆಯುತ್ತಿತ್ತು. "ಇದಕ್ಕೂ ನನಗೂ ಆಗಿಬರಂಗಿಲ್ಲ" ಎಂದು ಬೈದು ಮತ್ತೆ ಒತ್ತುತ್ತಿದ್ದರು. ಎಡಗೈ ಬಳಸಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ.

ಅವರು ಕರಜಗಿಯಲ್ಲಿ ನಮ್ಮ ಶಾಲೆಯ ದೈಹಿಕ ಶಿಕ್ಷಕಿ. ನಸುಕಿನಲ್ಲೇ ಅಫಜಲಪುರದಿಂದ ಸ್ಕೂಟಿಯ ಮೇಲೆ ಬಂದು, ಕಬ್ಬಿನ ಹೊಲಗಳ ನಡುವಿನ ರಸ್ತೆಯಲ್ಲಿ ನನ್ನನ್ನು, ನನ್ನ ತಂಗಿಯನ್ನು, ಇನ್ನು ಕೆಲವು ಹುಡುಗಿಯರನ್ನು ಓಡಿಸುತ್ತಿದ್ದರು.

ಒಂದು ವರ್ಷ ಅಕ್ಕೋರು ಒಂದು ಆ್ಯಪ್ ಹಿಡಿದುಕೊಂಡು ಬಂದರು. ಉಣ್ಣುವ ತಾಟಿನ ಫೋಟೊ ಹಾಕಿದರೆ, ಎಲ್ಲೋ ದೂರದಲ್ಲಿ ಕೂತ ಆಹಾರ ತಜ್ಞೆ ನೋಡಿ ಏನು ಕಡಿಮೆಯಾಗಿದೆ ಎಂದು ಬರೆಯುತ್ತಿದ್ದಳು. ಅದರಲ್ಲಿ ಪಾಸ್ತಾ ಇತ್ತು, ಪುಂಡಿಪಲ್ಯ ಇರಲಿಲ್ಲ. ಪುಂಡಿಪಲ್ಯ, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲವನ್ನೂ ಅಕ್ಕೋರೇ ಕೂತು ಸೇರಿಸಿದರು. ನಮಗೆ ಫೋನಿರಲಿಲ್ಲ. ಹೀಗಾಗಿ ನನ್ನ ಹೆಸರಿನ ಆ್ಯಪ್ ಅಪ್ಪನ ಫೋನಿನಲ್ಲಿ ಕೂತಿತು, ಅಪ್ಪ ಹೊಲದಲ್ಲಿ ನೀರು ಹಾಯಿಸುವಾಗ ಜೇಬಿನಿಂದ ಕೂಗತೊಡಗಿತು.

"ನಾಷ್ಟಾ ಆತೇನು ಅಂತ ಕೇಳ್ತದ ಬೇ ನಿನ್ನ ಆ್ಯಪ್. ನಿಮ್ಮವ್ವ ಒಂದಿನಾನೂ ಹಿಂಗ ಕೇಳಿಲ್ಲ," ಎಂದು ಅಪ್ಪ ಅವ್ವನಿಗೆ ಕೇಳಿಸುವಂತೆ ಹೇಳುತ್ತಿದ್ದ.

"ಹಂಗಾರ ಅದರ ಕೈಲೇ ರೊಟ್ಟಿ ಬಡಿಸ್ಕೋರಿ," ಎನ್ನುತ್ತಿದ್ದಳು ಅವ್ವ.

ಆ್ಯಪಿನಲ್ಲಿ ನನ್ನ ಬೆಳಗಿನ ಜಾಗ ಮಾತ್ರ ಸದಾ ಖಾಲಿ. ನಮ್ಮ ಮನೆಯಲ್ಲಿ ಲಿಂಗಪೂಜೆಯಾಗುವವರೆಗೆ ಯಾರೂ ಬಾಯಿಗೆ ನೀರನ್ನೂ ಹಾಕುತ್ತಿರಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಮಿಂದು ವಿಭೂತಿ ಹಚ್ಚಿಕೊಂಡು ಕೂತ ಮೇಲೆ ಎಲ್ಲರೂ ಸುತ್ತ ಕೂತು ಪೂಜೆ. ಅಷ್ಟೊತ್ತಿಗೆ ಬಿಸಿಲೇರಿರುತ್ತಿತ್ತು. ನಾನು ಓಡಿ ಬಂದು, ಮಿಂದು, ಪೂಜೆ ಮುಗಿಸಿ ಒಂದು ರೊಟ್ಟಿ ಮುರಿಯುವಷ್ಟರಲ್ಲಿ ಶಾಲೆಯ ಹೊತ್ತು. ಆ ತಜ್ಞೆ ತಿಳಿದುಕೊಂಡದ್ದೇ ಬೇರೆ. "ತೆಳ್ಳಗಾಗುವ ಆಸೆ ಬಿಡು, ನೀನು ಇರುವಂತೆಯೇ ಚೆಂದ" ಎಂದು ಬರೆದಳು. ಅಪ್ಪ ಅದನ್ನು ಓದಿ ಗಾಬರಿಯಾಗಿ, ಇದು ತನಗೋ ಮಗಳಿಗೋ ತಿಳಿಯದೆ, ಒಯ್ದು ಅವ್ವನಿಗೆ ತೋರಿಸಿದ.

ಒಂದು ಬೆಳಗ್ಗೆ ಓಡುತ್ತಿದ್ದಾಗ ಕಣ್ಣು ಕತ್ತಲಿಟ್ಟು ಬದುವಿನ ಮೇಲೆ ಬಿದ್ದೆ. ಅದಕ್ಕೂ ಮುಂಚೆ ಇನ್ನೊಮ್ಮೆ ಬಿದ್ದಿದ್ದೆ ಎನ್ನುತ್ತಾಳೆ ತಂಗಿ. ನನಗೆ ಒಂದೇ ನೆನಪು. ಅಕ್ಕೋರು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಓಢಣಿಯಿಂದ ಗಾಳಿ ಹಾಕಿದರು. ಎದ್ದು ಕೂತ ಮೇಲೆ ಮೆಲ್ಲಗೆ ಹೇಳಿದರು:

"ಜೇವರ್ಗಿ ಓಟಕ್ಕ ನಿನ್ನ ಹೆಸರು ಕೊಡಂಗಿಲ್ಲ. ಖಾಲಿ ಹೊಟ್ಟೀಲೆ ನಿನ್ನ ಓಡಿಸಂಗಿಲ್ಲ ನಾ."

ಜೇವರ್ಗಿಯಲ್ಲಿ ನಡೆಯಲಿದ್ದ ಆ ಓಟದ ಸ್ಪರ್ಧೆಗಾಗಿಯೇ ವರ್ಷವಿಡೀ ಓಡಿದ್ದೆ. "ಮನ್ಯಾಗ ಒಪ್ಪಂಗಿಲ್ರಿ ಅಕ್ಕೋರೆ," ಎಂದು ಅಳತೊಡಗಿದೆ.

"ಯಾರು ಒಪ್ಪಂಗಿಲ್ಲ?"

"ಆಯಿ."

"ಕೇಳೀದೇನು?"

ಕೇಳಿರಲಿಲ್ಲ. ಅದು ಕೇಳುವಂಥ ಮಾತೆಂದೇ ತೋರಿರಲಿಲ್ಲ.

ಅಂದು ಸಂಜೆ ಅವರು ಮನೆಗೆ ಬಂದರು. ಆ್ಯಪ್ ತೋರಿಸಿ ಆಯಿಗೆ ಪಾಠ ಹೇಳುತ್ತಾರೆಂದು ನಾನು ಹೆದರಿ ಒಳಬಾಗಿಲಲ್ಲೇ ನಿಂತೆ. ಅವರು ಫೋನು ಹೊರಗೇ ತೆಗೆಯಲಿಲ್ಲ. ಆಯಿಯ ಪಕ್ಕ ನೆಲದ ಮೇಲೆ ಕೂತು ತಾವೂ ಶೇಂಗಾ ಸುಲಿಯತೊಡಗಿದರು. ಮಳೆಯ ಮಾತಾಯಿತು, ಆಯಿಯ ಮೊಣಕಾಲು ನೋವಿನ ಮಾತಾಯಿತು. ಆಮೇಲೆ, "ಆಯಿ, ಈಕಿ ಇವತ್ತ ಓಡೂ ಮುಂದ ಬಿದ್ಲರಿ. ಹೊಟ್ಟ್ಯಾಗ ಏನೂ ಇದ್ದಿಲ್ಲ. ಏನ್ ಮಾಡೂಣಂತೀರಿ?" ಎಂದರು.

ಆಯಿಯ ಕೈ ನಿಂತಿತು. ನನ್ನ ಕಡೆ ತಿರುಗಿದಳು.

"ನಸುಕಿನ್ಯಾಗ ಹಸಿವಾಗ್ತದ ಅಂತ ನನಗ ಯಾಕ ಹೇಳಿಲ್ಲ ಬೇ?"

"ಪೂಜಾ ಆಗಿರಂಗಿಲ್ಲಲ್ಲ ಆಯಿ..."

"ಪೂಜಾ ಏನು ಸರ್ಕಾರಿ ಆಫೀಸೇನು, ಹೊತ್ತೇರಿದ ಮ್ಯಾಲೇ ತೆರೀಲಿಕ್ಕ? ಲಿಂಗ ನಿನ್ನ ಕೊರಳಾಗೇ ಅದ. ನೀ ಎದ್ದಾಗ ಮಾಡ್ಕೊ. ನನ್ನ ಎಬ್ಬಸು, ನಾನೂ ಕೂಡ್ತೇನಿ."

ಸರ್ಕಾರಿ ಆಫೀಸಿನ ಮಾತು ಆಯಿಯದೋ, ಹೇಳಿ ಹೇಳಿ ನಾನೇ ಸೇರಿಸಿದ್ದೋ ಎಂಬ ಅನುಮಾನ ನನಗಿದೆ. ಎಬ್ಬಿಸಲು ಹೇಳಿದ್ದಂತೂ ಖಂಡಿತ. ಮರುದಿನ ಎಬ್ಬಿಸಹೋದರೆ ಅವಳು ಆಗಲೇ ಎದ್ದು ಒಲೆಯ ಮೇಲೆ ನೀರಿಟ್ಟಿದ್ದಳು.

ಆಯಿ, ನಾನು, ತಂಗಿ ಮೂವರೂ ಮಿಂದು ಪೂಜೆಗೆ ಕೂತೆವು. ಆಮೇಲೆ ಆಯಿ ರೊಟ್ಟಿ ಮುರಿದು, ಹಾಲಿನಲ್ಲಿ ನೆನೆಸಿ, ಬೆಲ್ಲ ಹಾಕಿ ಕೊಟ್ಟಳು. ಅಪ್ಪ ನಿದ್ದೆಗಣ್ಣಿನಲ್ಲೇ ಎದ್ದು ಬಂದು ಫೋಟೊ ತೆಗೆದ. ಅದರಲ್ಲಿ ಬಟ್ಟಲಿಗಿಂತ ಆಯಿಯ ವಿಭೂತಿಯ ಕೈಯೇ ದೊಡ್ಡದಾಗಿ ಬಂತು. ತಜ್ಞೆ ಮೆಚ್ಚಿ, ಜೊತೆಗೊಂದು ಬಾಳೆಹಣ್ಣು ಇರಲಿ ಎಂದಳು. ಕೆಲವು ದಿನ ನೋಡಿ ಅಕ್ಕೋರು ನನ್ನ ಹೆಸರು ಕೊಟ್ಟರು.

ಜೇವರ್ಗಿಯ ಓಟದ ಕೊನೆಯ ಸುತ್ತಿನಲ್ಲಿ ಇಬ್ಬರನ್ನು ಹಿಂದೆ ಹಾಕಿದೆನೆಂದು ನನ್ನ ನೆನಪು. ಒಬ್ಬಳನ್ನಷ್ಟೇ ಎನ್ನುತ್ತಾಳೆ ತಂಗಿ. ಪದಕವಂತೂ ಬರಲಿಲ್ಲ. ಗೆರೆ ದಾಟಿದಾಗ ಕಣ್ಣು ನಿಚ್ಚಳವಾಗಿತ್ತು. ಎದುರಿಗೆ ಅಕ್ಕೋರು ನಿಂತಿದ್ದರು. ಎಷ್ಟನೆಯವಳಾದೆ ಎಂದು ಕೇಳಲಿಲ್ಲ.

"ಹಸಿವಾಗ್ಯದೇನು?"

"ಭಾಳ ಹಸಿವಾಗ್ಯದ್ರಿ."

ಅವರು ಜೋರಾಗಿ ನಕ್ಕರು. "ಹಾಂ, ಹಿಂಗ ಬಾಯಿಬಿಟ್ಟು ಹೇಳಬೇಕ ನೋಡು."

ಅಕ್ಕೋರು ಈಗ ಆಳಂದದ ಕಡೆ ವರ್ಗವಾಗಿದ್ದಾರೆ. ನಾನು ಓದು ಮುಗಿಸಿದೆ, ಓಟ ಬಿಟ್ಟುಹೋಯಿತು, ಮದುವೆಯಾಯಿತು. ಗಂಡನ ಮನೆಯಲ್ಲಿ ಹೆಂಗಸರು ಗಂಡಸರ ಊಟವಾದ ಮೇಲೆ ಉಣ್ಣುತ್ತಿದ್ದರು. ಹಾಗೆಂದು ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಹೋದ ಹೊಸತರಲ್ಲೇ ಒಂದು ಮಧ್ಯಾಹ್ನ, ಗಂಡಸರು ಇನ್ನೂ ಹೊಲದಿಂದ ಬಂದಿರದಾಗ, "ನನಗ ಹಸಿವಾಗ್ಯದ್ರಿ ಅತ್ತಿ," ಎಂದೆ.

ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದರು. ಆಮೇಲೆ ಎರಡು ತಾಟು ಹಾಕಿ, ನನ್ನೆದುರಿಗೆ ತಾವೂ ಕೂತರು.